ಶಾಮಣ್ಣನವರ ಕಂಬಿ

ಜಯನಗರ ಟಿ ಬ್ಲಾಕಿನ ಶಾಮಣ್ಣನವರು ಬೆಳಿಗ್ಗೆ ಎದ್ದರೆ ಮೊದಲು ದೇವರ ಪಟ ನೋಡುವುದಿಲ್ಲ. ಫ್ರಿಜ್ಜಿನ ಬೆನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಟಿವಿಯ ಬೆನ್ನು, ಆಮೇಲೆ ಮೀಟರ್ ಬೋರ್ಡು, ಆಮೇಲೆ ಗೀಸರಿನ ಸ್ವಿಚ್ಚು. ಅದೂ ಅಂಗೈಯಿಂದ ಅಲ್ಲ, ಕೈಯ ಹಿಂಬದಿಯಿಂದ. "ಅಂಗೈ ಚರ್ಮ ದಪ್ಪ ಕಣೇ, ಅದನ್ನ ನಂಬಕ್ಕಾಗಲ್ಲ. ಹಿಂಬದಿ ಚರ್ಮಕ್ಕೆ ತಕ್ಷಣ ಗೊತ್ತಾಗುತ್ತೆ" ಅಂತ ಹೆಂಡತಿ ಸೀತಮ್ಮನಿಗೆ ವಿವರಣೆ ಬೇರೆ. ಸೀತಮ್ಮ ಕಾಫಿ ಲೋಟ ಮುಂದೆ ಇಟ್ಟರೆ ಅದನ್ನೂ ಹಾಗೇ ಮುಟ್ಟಿ ನೋಡಿಯೇ ಕುಡಿಯುವುದು. ತಾಳಿ ಕಟ್ಟಿಸಿಕೊಂಡ ಹೆಂಡತಿ ಕೊಟ್ಟ ಕಾಫಿ ರೀ! ಇಂಥ ಮನುಷ್ಯನ ಜೊತೆ ಸಂಸಾರ ಮಾಡೋದು ಅಂದ್ರೆ ಸುಮ್ನೇನಾ?

ಪಾಪ, ಹುಟ್ಟುತ್ತಲೇ ಹೀಗಿರಲಿಲ್ಲ. ಡಿಪ್ಲೊಮಾ ಮುಗಿಸಿ ಪೂರ್ವ ಕರಾವಳಿಯ ಒಂದು ಥರ್ಮಲ್ ಸ್ಟೇಷನ್ನಿಗೆ ಸೇರಿದರು ನೋಡಿ, ಅಲ್ಲಿಂದ ಶುರುವಾಯ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೆಲ ಬಗೆದು ಕಲ್ಲಿದ್ದಲು ತೆಗೆಯುವ ಗಣಿ, ನಡುವೆ ಆ ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕಾರ್ಖಾನೆ. ಗಣಿಯಿಂದ ಬೆಲ್ಟಿನ ಮೇಲೆ ಕಲ್ಲಿದ್ದಲು ಹಗಲೂ ರಾತ್ರಿ ಬರುತ್ತಲೇ ಇರುತ್ತಿತ್ತು. ಸಮುದ್ರದ ನೀರು ಕಾರ್ಖಾನೆಯೊಳಗೆ ತಣ್ಣಗೆ ಹೋಗಿ ಬೆಚ್ಚಗೆ ಹೊರಗೆ ಬರುತ್ತಿತ್ತು. ಗಾಳಿ ದಿಕ್ಕು ಬದಲಾಯಿಸಿದ ದಿನ ಬೂದಿ ಬೆಸ್ತರ ಹೆಂಗಸರು ಒಣಗಲು ಹಾಕಿದ ಮೀನಿನ ಮೇಲೂ ಬೀಳುತ್ತಿತ್ತು, ಶಾಮಣ್ಣನವರ ಡಬ್ಬಿಯ ಮೊಸರನ್ನದ ಮೇಲೂ ಬೀಳುತ್ತಿತ್ತು.

ಅವರ ಕೆಲಸ ಬಾಯ್ಲರಿನ ಹತ್ತಿರ ಅಲ್ಲ, ಕಲ್ಲಿದ್ದಲಿನ ಯಾರ್ಡಿನಲ್ಲಿ. ಗುಡ್ಡದಂಥ ರಾಶಿಗಳನ್ನು ಕಾಯುವುದು. ಯಾರಿಂದ ಕಾಯೋದು ಅಂತೀರಾ? ಕಳ್ಳರಿಂದ ಅಲ್ಲ, ಆ ರಾಶಿಯಿಂದಲೇ. ಕಲ್ಲಿದ್ದಲಿಗೆ ಬೆಂಕಿ ಇಡೋಕೆ ಯಾರೂ ಬೇಕಾಗಿಲ್ಲ. ಸಡಿಲವಾಗಿ ಸುರಿದ ರಾಶಿಯ ಒಳಗೆ ಒಂಚೂರು ಗಾಳಿ ಹೊಕ್ಕರೆ ಸಾಕು, ತಾನೇ ಒಳಗೊಳಗೇ ಕಾದು ಕಾದು ಒಂದು ದಿನ ಹೊತ್ತಿಕೊಳ್ಳುತ್ತದೆ. ಅಲ್ಲಿಯವರೆಗೂ ಮೇಲೆ ನೋಡಿದರೆ ಏನೂ ಗೊತ್ತಿಲ್ಲದ ಅಮಾಯಕನ ಹಾಗೆ ಬಿದ್ದುಕೊಂಡಿರುತ್ತದೆ. ಅಲ್ಲಿನ ಮೇಸ್ತ್ರಿ ಸೋಮಲಿಂಗಪ್ಪ, ರಾಯಚೂರು ಕಡೆಯ ಮನುಷ್ಯ, ಹೊಸ ಹುಡುಗ ಶಾಮಣ್ಣನ ಕೈಗೆ ಒಂದು ಉದ್ದನೆಯ ಕಬ್ಬಿಣದ ಕಂಬಿ ಕೊಟ್ಟರು. ಅದನ್ನು ರಾಶಿಯ ಹೊಟ್ಟೆಗೆ ಚುಚ್ಚಬೇಕು. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಡಬೇಕು. ಆಮೇಲೆ ಎಳೆದು ತುದಿಯನ್ನು ಕೈಯ ಹಿಂಬದಿಗೆ ತಾಗಿಸಿ ನೋಡಬೇಕು.

"ರಾಶಿ ಮಾರಿ ನೋಡಿ ನಂಬಬ್ಯಾಡೋ ತಮ್ಮಾ" ಅಂದಿದ್ದರು ಸೋಮಲಿಂಗಪ್ಪ. "ತಣ್ಣಗ ಕುಂತೈತಿ ಅಂದ್ರ ಅದರ ಮ್ಯಾಲ ಇನ್ನೂ ಜಾಸ್ತಿ ಕಣ್ಣಿಡು."

ಶಾಮಣ್ಣ ಇಟ್ಟರು ನೋಡಿ ಕಣ್ಣು, ರಿಟೈರ್ ಆಗುವವರೆಗೂ ತೆಗೆಯಲೇ ಇಲ್ಲ. ಅವರು ಕಾಯುತ್ತಿದ್ದ ರಾಶಿ ಒಂದು ಸಲವೂ ಹೊತ್ತಿಕೊಳ್ಳಲಿಲ್ಲ. ವಾಸನೆಯಲ್ಲೇ ಕಂಡುಹಿಡಿಯುತ್ತಿದ್ದರು. ಎಣ್ಣೆ ಕಮಟು ಹಿಡಿದಂಥ, ಸ್ವಲ್ಪ ಸಿಹಿಯಾದ ಒಂದು ವಾಸನೆ ಗಾಳಿಯಲ್ಲಿ ಬಂತು ಅಂದರೆ ಕಂಬಿ ಹಿಡಿದು ಓಡುವುದು, ಕಾದ ಜಾಗವನ್ನು ಡೋಜರಿನಿಂದ ಅಗೆಸಿ ಹರಡಿಸುವುದು. ಅದೊಂದು ಹೆಮ್ಮೆ ಅವರಿಗೆ. ಬೇರೆ ಹೆಮ್ಮೆ ಪಡೋಕೆ ಜೀವನದಲ್ಲಿ ಏನೂ ಇರಲಿಲ್ಲ ಅನ್ನಿ.

ಯಾಕೆಂದರೆ ಹೆಂಡತಿ ಮಗ ಜೊತೆಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸೀತಮ್ಮ ಅಲ್ಲಿಗೆ ಹೋಗಿದ್ದರು. ಮಗ ವೇಣು ಹುಟ್ಟಿದ ಮೇಲೆ ಆ ಬೂದಿ ಗಾಳಿಗೆ ಕೂಸಿನ ಎದೆ ಗೊರಗೊರ ಅನ್ನೋಕೆ ಶುರುವಾಯ್ತು. ಡಾಕ್ಟರು ಊರು ಬಿಡಿಸಿ ಅಂದರು. ಸೀತಮ್ಮ ಕೂಸನ್ನು ಎತ್ತಿಕೊಂಡು ಜಯನಗರಕ್ಕೆ, ಅತ್ತೆಯ ಮನೆಗೆ ಬಂದವರು ಮತ್ತೆ ವಾಪಸ್ ಹೋಗಲಿಲ್ಲ. ಶಾಮಣ್ಣನವರು ಯುಗಾದಿಗೊಮ್ಮೆ, ದಸರಾಗೊಮ್ಮೆ ಬಂದು ನೆಂಟರ ಹಾಗೆ ಊಟ ಮಾಡಿ ಹೋಗುವುದಾಯ್ತು.

ಹಾಗಾದರೆ ಮನೆಗೆ ದಿಕ್ಕು ಯಾರು? ಮುನಿಯಕ್ಕ.

ಗೇಟಿನ ಮುಂದೆ ಒಂದು ಹೊಂಗೆ ಮರ ಇದೆ. ಅದರ ಕೆಳಗೆ ಮುನಿಯಕ್ಕನ ಇಸ್ತ್ರಿ ಗಾಡಿ. ಶಾಮಣ್ಣನವರ ತಾಯಿಯೇ ಅವಳನ್ನು ಕರೆದು ಅಲ್ಲಿ ನಿಲ್ಲಿಸಿದ್ದು. ಇದ್ದಿಲಿನ ಮೂಟೆ ಇಟ್ಟುಕೊಳ್ಳೋಕೆ ಮೆಟ್ಟಿಲ ಕೆಳಗಿನ ಗೂಡು ಬಿಟ್ಟುಕೊಟ್ಟಿದ್ದೂ ಅವರೇ. ಆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಸೀತಮ್ಮ ಸ್ಕೂಲಿಗೆ ಹೋಗಿದ್ದರು, ಅವರು ಅಲ್ಲಿ ಟೀಚರು. ಬಾಗಿಲಿಗೆ ಬೀಗ ಬಿದ್ದಿತ್ತು. ಮುನಿಯಕ್ಕ ಆ ನರಳಾಟ ಕೇಳಿ, ಹಿಂದಿನ ಕಿಟಕಿ ಮುರಿದು ಒಳಗೆ ಇಳಿದು, ಅಜ್ಜಿಯನ್ನು ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದಳು. ಅವತ್ತೇ ಅಜ್ಜಿ ಮನೆಯ ಒಂದು ಬೀಗದ ಕೈಯನ್ನು ಅವಳ ಕೈಗೆ ಕೊಟ್ಟುಬಿಟ್ಟರು. ಅದು ಅವಳ ತಾಳಿ ಸರದ ಪಕ್ಕದಲ್ಲೇ ಕಪ್ಪು ದಾರದಲ್ಲಿ ಇರುತ್ತಿತ್ತು. ವೇಣು ಸ್ಕೂಲಿಂದ ಬಂದರೆ ಬಾಗಿಲು ತೆಗೆದು ತಿಂಡಿ ಕೊಡುತ್ತಿದ್ದವಳೂ ಅವಳೇ. ಅವನು ಈಗ ಮೈಸೂರಿನಲ್ಲಿ ಮೇಷ್ಟ್ರು, ಇವತ್ತಿಗೂ ಫೋನು ಮಾಡಿದರೆ ಮೊದಲು ಕೇಳೋದು "ಮುನಿಯಕ್ಕ ಹೆಂಗಿದ್ದಾಳೆ" ಅಂತ. ಅಪ್ಪನ ಸರದಿ ಆಮೇಲೆ.

ಇದೆಲ್ಲ ಶಾಮಣ್ಣನವರಿಗೆ ಗೊತ್ತಿತ್ತು. ಕೇಳಿ ಗೊತ್ತಿತ್ತು. ಕಣ್ಣಲ್ಲಿ ನೋಡಿರಲಿಲ್ಲ ಅಷ್ಟೇ. ಆ 'ಅಷ್ಟೇ'ಯಲ್ಲೇ ಎಡವಟ್ಟು ಇದ್ದದ್ದು.

ರಿಟೈರ್ ಆಗಿ ಬಂದು ಮನೆಯಲ್ಲಿ ಕೂತ ಮೇಲೆ ಮಾಡೋಕೆ ಕೆಲಸ ಬೇಕಲ್ಲ. ಅಟ್ಟದ ಮೇಲಿದ್ದ ಅಮ್ಮನ ತೇಗದ ತೂಗುಮಣೆಯನ್ನು ಇಳಿಸಿದರು. ಮೆಟ್ಟಿಲ ಕೆಳಗೆ ಅದನ್ನು ಒರಗಿಸಿಕೊಂಡು ದಿನಾ ಮಧ್ಯಾಹ್ನ ಅದಕ್ಕೆ ಮರಳು ಕಾಗದ ಉಜ್ಜೋದು, ಅಗಸೆ ಎಣ್ಣೆ ತಿಕ್ಕೋದು. ಎಣ್ಣೆ ಕುಡಿದ ಮರ ಹೊಳೆಯೋಕೆ ಶುರುವಾದಾಗ ಸೀತಮ್ಮನಿಗೂ ಖುಷಿಯಾಯ್ತು. ಸದ್ಯ, ಕೈಗೆ ಕೆಲಸ ಸಿಕ್ಕಿತು, ಇನ್ನು ಫ್ರಿಜ್ಜು ಉಳೀತು ಅಂದುಕೊಂಡರು.

ಆಗ ಶುರುವಾಯ್ತು ವಾಸನೆ.

ಒಂದು ಮಧ್ಯಾಹ್ನ ಶಾಮಣ್ಣನವರು ಊಟ ಮಾಡಿ ಮೆಟ್ಟಿಲ ಹತ್ತಿರ ಬಂದವರು ಗಕ್ಕನೆ ನಿಂತರು. ಎಣ್ಣೆ ಕಮಟು, ಜೊತೆಗೆ ಸ್ವಲ್ಪ ಸಿಹಿ. ಯಾರ್ಡಿನ ವಾಸನೆ! ಟಿ ಬ್ಲಾಕಿನಲ್ಲಿ ಯಾರ್ಡಿನ ವಾಸನೆ ಹೇಗೆ ಬಂತು? ಕಣ್ಣು ಸೀದಾ ಹೋಗಿದ್ದು ಮೂಲೆಯ ಮೂಟೆಯ ಮೇಲೆ. ಇದ್ದಿಲು. ಮುನಿಯಕ್ಕನ ಇದ್ದಿಲು. ಇನ್ನೇನು ಬೇಕು ಹೇಳಿ.

ಹಳೇ ಪರದೆ ಕಂಬಿಯೊಂದನ್ನು ಹುಡುಕಿ ತಂದು ಮೂಟೆಗೆ ಚುಚ್ಚಿದರು. ಕಾದರು. ಎಳೆದು ಮುಟ್ಟಿದರು. ತಣ್ಣಗಿತ್ತು.

ಬೇರೆಯವರಾಗಿದ್ದರೆ ಸಮಾಧಾನ ಆಗೋರು. ಶಾಮಣ್ಣನವರಿಗೆ ಸಂಶಯ ಇನ್ನೂ ಜಾಸ್ತಿಯಾಯ್ತು. ತಣ್ಣಗಿದೆ ಅಂದರೆ ಏನೋ ಇದೆ! ಮಾರನೇ ದಿನವೂ ಚುಚ್ಚಿದರು, ಅದರ ಮಾರನೇ ದಿನವೂ ಚುಚ್ಚಿದರು. ಮೂಟೆ ತುಂಬ ತೂತು ಬಿದ್ದು ಇದ್ದಿಲ ಪುಡಿ ನೆಲಕ್ಕೆ ಸುರಿಯೋಕೆ ಶುರುವಾಯ್ತು.

"ಏನ್ ಸಾಮಿ, ಇಲಿ ಸೇರ್ಕೊಂಡೈತಾ ಮೂಟೇಲಿ?" ಅಂತ ಮುನಿಯಕ್ಕ ಬಂದು ನಿಂತಳು.

"ಇಲಿ ಅಲ್ಲ. ಸಾಯಂಕಾಲ ಗಾಡಿ ಮುಚ್ಚೋವಾಗ ಉಳಿದ ಕೆಂಡ ಏನ್ ಮಾಡ್ತೀಯಾ?"

"ನೀರ್ ಹುಯ್ದು ಆರಿಸ್ತೀನಿ. ಇಷ್ಟು ವರ್ಸದಿಂದ ಅದೇ ತಾನೇ ಮಾಡ್ತಿರೋದು."

"ಆರಿಸಿದ್ದನ್ನ ಮತ್ತೆ ಈ ಮೂಟೆಗೇ ಹಾಕ್ತೀಯಾ?"

"ಅಯ್ಯೋ, ಅದಕ್ಕೆ ಬೇರೆ ತಗಡಿನ ಡಬ್ಬ ಐತೆ. ಬನ್ನಿ ತೋರಿಸ್ತೀನಿ."

ತೋರಿಸಿದಳು. ಡಬ್ಬವೂ ತಣ್ಣಗಿತ್ತು. ಶಾಮಣ್ಣನವರು ಗಂಟಲು ಸರಿಮಾಡಿಕೊಂಡು, "ಈಗಿನ ಕಾಲದಲ್ಲಿ ಈ ಕೆಂಡದ ಸಹವಾಸ ಯಾಕೆ ಮುನಿಯಕ್ಕ? ಕರೆಂಟಿನ ಪೆಟ್ಟಿಗೆ ಇಟ್ಕೋಬಾರ್ದಾ?" ಅಂದರು.

ಮುನಿಯಕ್ಕ ನಕ್ಕಳು. "ಕರೆಂಟು ಎಲ್ಲಿಂದ ಬರ್ತದೆ ಸಾಮಿ? ಅದೂ ಇದ್ದಿಲಿಂದಾನೇ. 'ನನ್ ಮಗ ಅದನ್ನೇ ಕಾಯ್ತಾನೆ' ಅಂತ ನಿಮ್ ತಾಯೋರು ಹೇಳ್ತಿದ್ರು. ನಂದು ನಿಮ್ ಕಣ್ಮುಂದೆ ಉರೀತದೆ, ನಿಮ್ದು ಸಮುದ್ರದ ಪಕ್ಕ ಉರೀತಿತ್ತು. ಅಷ್ಟೇ ಅಲ್ವಾ?"

ಸರಿಯಾದ ಮಾತು. ಸರಿಯಾದ ಮಾತು ಕೇಳಿದರೆ ಶಾಮಣ್ಣನವರಿಗೆ ಆಗುತ್ತದೆಯೇ? ಇಷ್ಟು ಜಾಣತನದಿಂದ ಮಾತಾಡ್ತಾಳೆ ಅಂದರೆ ಏನೋ ಮುಚ್ಚಿಡ್ತಾ ಇದ್ದಾಳೆ ಅಂದುಕೊಂಡರು. ಅವತ್ತಿಂದ ಬಾಲ್ಕನಿಯಲ್ಲಿ ಪೇಪರ್ ಅಡ್ಡ ಹಿಡಿದುಕೊಂಡು ಅವಳನ್ನೇ ನೋಡುವುದು. ಗೂಡಿಗೆ ಯಾಕೆ ಹೋದಳು? ಅಲ್ಲಿ ಅಷ್ಟು ಹೊತ್ತು ಯಾಕೆ ನಿಂತಳು? ಸೆರಗಲ್ಲಿ ಏನು ಮುಚ್ಚಿಕೊಂಡಳು? ಸೀತಮ್ಮನನ್ನು ಕರೆದು ವಾಸನೆ ನೋಡು ಅಂದರೆ, "ನಿಮ್ಮ ಎಣ್ಣೆ ವಾಸನೆ ಬಿಟ್ಟು ನನಗೆ ಏನೂ ಬರ್ತಿಲ್ಲ ರೀ" ಅಂದರು ಆ ತಾಯಿ. ಇಷ್ಟು ಸ್ಪಷ್ಟವಾಗಿ ಹೇಳಿದರು! ಶಾಮಣ್ಣನವರು "ನಿಂಗೇನು ಗೊತ್ತು, ಇದು ಯಾರ್ಡಲ್ಲಿ ಇದ್ದ ಮೂಗು" ಅಂತ ಅವರ ಬಾಯಿ ಮುಚ್ಚಿಸಿದರು.

ಆ ವಾರದ ಕೊನೆಗೆ ಸೀತಮ್ಮ ತರಕಾರಿಗೆ ಹೋಗಿದ್ದ ಹೊತ್ತು ನೋಡಿ ಶಾಮಣ್ಣನವರು ಗೇಟಿಗೆ ಇಳಿದು ಬಂದರು. ಮೂಟೆ ಇವತ್ತೇ ಖಾಲಿ ಮಾಡು ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು ಆ ಮಹಾನುಭಾವ. ನಿಲ್ಲಿಸಲಿಲ್ಲ.

"ಹಾಗೇ ಬೀಗದ ಕೈನೂ ಕೊಟ್ಟುಬಿಡು. ಈಗ ಮನೇಲಿ ನಾನಿದೀನಲ್ಲ."

ಮುನಿಯಕ್ಕ ಕುತ್ತಿಗೆಯ ದಾರವನ್ನು ಬಿಚ್ಚೋಕೆ ನೋಡಿದಳು. ಗಂಟು ಎಷ್ಟೋ ವರ್ಷದ್ದು, ಬಿಚ್ಚಲಿಲ್ಲ. ಗಾಡಿಯ ಮೇಲಿದ್ದ ಕತ್ತರಿ ತಗೊಂಡು ದಾರ ಕತ್ತರಿಸಿ, ಬೀಗದ ಕೈಯನ್ನು ಅವರ ಕೈಗೆ ಕೊಡದೆ ಕಾಂಪೌಂಡ್ ಗೋಡೆಯ ಮೇಲೆ ಇಟ್ಟಳು. ಸಾಯಂಕಾಲದೊಳಗೆ ಮೂಟೆಯೂ ಇಲ್ಲ, ಗಾಡಿಯೂ ಇಲ್ಲ. ಮಗಳ ಮನೆ ಸುದ್ದಗುಂಟೆಪಾಳ್ಯದಲ್ಲಿದೆ, ಅಲ್ಲಿಗೆ ತಳ್ಳಿಕೊಂಡು ಹೋದಳಂತೆ ಅಂತ ಎದುರು ಮನೆಯವರು ಹೇಳಿದರು.

ಸೀತಮ್ಮ ತರಕಾರಿ ಚೀಲ ಇಳಿಸಿ, ಗೋಡೆಯ ಮೇಲಿದ್ದ ಬೀಗದ ಕೈ ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ನೀವು ಯಾರದೋ ಊರಿಗೆ ದೀಪ ಹಚ್ಚೋಕೆ ಹೋಗಿದ್ರಿ. ಈ ಮನೆ ದೀಪ ಕಾದಿದ್ದು ಅವಳು" ಅಂದರು. "ಈ ಬೀಗದ ಕೈ ವಾಪಸ್ ಅವಳ ಕುತ್ತಿಗೆಗೆ ಹೋಗೋವರೆಗೂ ನನ್ನ ಹತ್ರ ಮಾತಾಡಬೇಡಿ."

ಹೇಳಿದ ಹಾಗೇ ಮಾಡಿದರು. ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೈಸೂರಿನಿಂದ ಮಗನೂ ಫೋನು ಮಾಡಿ, "ಅಪ್ಪಾ, ಇದೊಂದು ಮಾಡಬಾರದಿತ್ತು ನೀವು" ಅಂತ ಇಟ್ಟುಬಿಟ್ಟ. ಬೀದಿಯವರು ಇಸ್ತ್ರಿ ಇಲ್ಲದ ಶರ್ಟು ಹಾಕಿಕೊಂಡು ಗೇಟಿನ ಮುಂದೆ ಹಾದುಹೋಗುವಾಗ ಬಾಲ್ಕನಿಯ ಕಡೆ ಒಂದು ನೋಟ ಎಸೆದೇ ಹೋಗುತ್ತಿದ್ದರು. ಶಾಮಣ್ಣನವರು ಒಳಗೊಳಗೇ ಬೇಯುತ್ತಿದ್ದರೂ ಬಿಡಲಿಲ್ಲ. ಬೆಂಕಿ ಬಿದ್ದಿದ್ದರೆ ಆಗ ಗೊತ್ತಾಗ್ತಿತ್ತು ಇವರಿಗೆಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ಗೂಡು ಖಾಲಿಯಾಗಿತ್ತು. ಅಲ್ಲಿಯವರೆಗೆ ತೂಗುಮಣೆಯ ಪಕ್ಕ ಅಲ್ಲಲ್ಲಿ ಬಿದ್ದಿದ್ದ ಎಣ್ಣೆ ಒರೆಸಿದ ಬಟ್ಟೆ ಚೂರುಗಳನ್ನೆಲ್ಲ ಒಟ್ಟುಮಾಡಿ, ಎಸೆಯೋಕೆ ಮನಸ್ಸು ಬಾರದೆ ಒಂದು ರಟ್ಟಿನ ಡಬ್ಬಕ್ಕೆ ತುಂಬಿ, ಮೂಟೆ ಇದ್ದ ಅದೇ ಮೂಲೆಗೆ ತಳ್ಳಿದರು. ಮಣೆಗೆ ಕೊನೆಯ ಸಲ ಎಣ್ಣೆ ಕುಡಿಸಿ ಒರೆಸಿದ ಬಟ್ಟೆಗಳನ್ನೂ ಒದ್ದೆಯಾಗೇ ಅದೇ ಡಬ್ಬಕ್ಕೆ ತುರುಕಿದರು.

ಮಾರನೇ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮಧ್ಯಾಹ್ನ ಮತ್ತೆ ಅದೇ ವಾಸನೆ. ಮೊದಲಿಗಿಂತ ಗಾಢ.

ಇಲ್ಲೂ ಆ ಮನುಷ್ಯನಿಗೆ ಹೊಳೆದದ್ದು ಏನು ಗೊತ್ತಾ? ಹೋಗುವಾಗ ಮುನಿಯಕ್ಕ ಸಿಟ್ಟಿಗೆ ಕೆಂಡ ಬಿಟ್ಟು ಹೋಗಿದ್ದಾಳೆ ಅಂತ! ಅವಳು ಹೋಗಿ ದಿನಗಳಾಗಿವೆ, ಕೆಂಡ ಇಷ್ಟು ದಿನ ಉಳಿಯುತ್ತಾ ಅಂತ ಯೋಚಿಸಬೇಡವಾ? ಸಂಶಯ ಹಿಡಿದವರಿಗೆ ಯೋಚನೆ ಎಲ್ಲಿಂದ ಬರಬೇಕು. ಕಂಬಿ ಹಿಡಿದು ಇಳಿದರು. ಗೋಡೆ ಮೂಲೆ ಮುಟ್ಟಿದರು, ತಣ್ಣಗಿತ್ತು. ನೆಲ ಮುಟ್ಟಿದರು, ತಣ್ಣಗಿತ್ತು. ಕಣ್ಣು ಉರಿಯುತ್ತಿತ್ತು. ಡಬ್ಬದ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಕಂಬಿಯನ್ನು ಡಬ್ಬಕ್ಕೆ ಚುಚ್ಚಿದರು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಎಳೆದು ಕೈಯ ಹಿಂಬದಿಗೆ ತಾಗಿಸಿದರು, ಚುರ್ ಅಂತು.

ಎಣ್ಣೆ ಬಟ್ಟೆಯೂ ಕಲ್ಲಿದ್ದಲಿನ ಹಾಗೇ ಒಳಗಿಂದ ಕಾಯುತ್ತದೆ. ಯಾರ್ಡಿನ ಸ್ಟೋರಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದೇ ಇತ್ತು, ಎಣ್ಣೆ ಬಟ್ಟೆ ಗುಡ್ಡೆ ಹಾಕಬೇಡಿ ಅಂತ. ಅದನ್ನು ಮರೆತ ಕೂಲಿಯವರಿಗೆ ಶಾಮಣ್ಣನವರೇ ಎಷ್ಟು ಸಲ ಬೈದಿರಲಿಲ್ಲ! ಎಲ್ಲರ ರಾಶಿಗೂ ಕಂಬಿ ಚುಚ್ಚಿದ ಮನುಷ್ಯ ತನ್ನದೇ ಡಬ್ಬಕ್ಕೆ ಮಾತ್ರ ಒಂದು ಸಲವೂ ಚುಚ್ಚಿ ನೋಡಿರಲಿಲ್ಲ.

ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಸೀತಮ್ಮ ಮಲಗಿದ್ದರು. "ಸೀತಾ! ಎದ್ದೇಳು, ಹಿಂದಿನ ಬಾಗಿಲಿಂದ ಹೊರಗೆ ಬಾ!" ಅಂತ ಕಿರುಚಿ, ಡಬ್ಬವನ್ನು ಕಂಬಿಯಿಂದಲೇ ಸಿಕ್ಕಿಸಿ ಎಳೆದುಕೊಂಡು ಹೊರಟರು. ಗೇಟು ದಾಟುವಷ್ಟರಲ್ಲಿ ರಟ್ಟು ಬಾಯಿಬಿಟ್ಟು ಭಗ್ ಅಂತ ಹತ್ತಿಕೊಂಡಿತು. ಹೊಂಗೆ ಮರದ ಕೆಳಗೆ, ಗಾಡಿ ನಿಂತು ನಿಂತು ಹುಲ್ಲು ಬೆಳೆಯದ ಆ ಬರೀ ನೆಲದ ಮೇಲೆ ಬಟ್ಟೆಗಳನ್ನು ಚೆದುರಿಸಿ, ಒಂದೊಂದನ್ನೇ ಮಣ್ಣು ಮುಚ್ಚಿ ಆರಿಸಿದರು. ಎದುರು ಮನೆಯವರು ಬಕೆಟ್ಟು ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆ ಉಳಿಯಿತು. ಡಬ್ಬಕ್ಕೆ ತಾಗಿಕೊಂಡಿದ್ದ ತೂಗುಮಣೆಯ ಒಂದು ಬದಿ ಮಾತ್ರ ಕರಕಲಾಗಿತ್ತು.

ಸೀತಮ್ಮ ಹಿತ್ತಲಿಂದ ಸುತ್ತಿ ಬಂದು ಬಟ್ಟೆ ಚೂರುಗಳನ್ನು ನೋಡಿದರು, ಗಂಡನ ಕೈ ನೋಡಿದರು. ಬರ್ನಾಲ್ ತಂದು ಹಚ್ಚಿದರು. ಒಳಗೆ ಹೋಗಿ ಬೀಗದ ಕೈ ತಂದು ಅವರ ಪಕ್ಕದಲ್ಲಿ ಇಟ್ಟು ಹೋದರು.

ಮಾರನೇ ಬೆಳಿಗ್ಗೆ ಶಾಮಣ್ಣನವರು ಸುದ್ದಗುಂಟೆಪಾಳ್ಯಕ್ಕೆ ಹೋದರು. ಕೇಳಿಕೊಂಡು ಕೇಳಿಕೊಂಡು ಹುಡುಕಿದರು. ಒಂದು ಪಿಜಿ ಕಟ್ಟಡದ ಪಕ್ಕ, ನೆರಳೇ ಇಲ್ಲದ ಮೂಲೆಯಲ್ಲಿ ಗಾಡಿ ನಿಂತಿತ್ತು. ತಲೆಗೆ ಟವೆಲ್ ಸುತ್ತಿಕೊಂಡು ಮುನಿಯಕ್ಕ ಪ್ಯಾಂಟಿನ ಗೆರೆ ಕೂರಿಸುತ್ತಿದ್ದಳು. ಇವರನ್ನು ನೋಡಿ ಪೆಟ್ಟಿಗೆ ಕೆಳಗಿಟ್ಟಳು.

"ನಿನ್ನೆ ಮನೇಲಿ ಬೆಂಕಿ ಹತ್ಕೊಂಡಿತ್ತು ಮುನಿಯಕ್ಕ."

"ಅಯ್ಯಯ್ಯೋ! ಅಮ್ಮಾವ್ರಿಗೇನೂ ಆಗಿಲ್ಲ ತಾನೇ?" ಅವಳ ಬಾಯಿಂದ ಮೊದಲು ಬಂದದ್ದು ಅದೇ. ಆಮೇಲೆ ಏನೋ ಹೊಳೆದ ಹಾಗೆ ಮುಖ ಬಿಗಿಯಾಯ್ತು. "ನನ್ ಇದ್ದಿಲು ಅಲ್ಲಿಲ್ಲ ಸಾಮಿ. ಎಲ್ಲಾ ಗುಡಿಸ್ಕೊಂಡೇ ಬಂದೆ."

ಆ ಮಾತು ಶಾಮಣ್ಣನವರಿಗೆ ಸುಟ್ಟ ಕೈಗಿಂತ ಜಾಸ್ತಿ ಉರಿಯಿತು. "ನಿಂದಲ್ಲ. ನಂದೇ. ನನ್ನ ಎಣ್ಣೆ ಬಟ್ಟೆ. ಮೊದಲಿಂದಲೂ ಆ ವಾಸನೆ ನಂದೇ" ಅಂದರು. "ತಪ್ಪಾಯ್ತು ಮುನಿಯಕ್ಕ. ಮನೆಗೆ ಬಾ." ಜೇಬಿಂದ ಬೀಗದ ಕೈ ತೆಗೆದು ಮುಂದೆ ಹಿಡಿದರು. ಹೊಸ ಕಪ್ಪು ದಾರವನ್ನೂ ಕಟ್ಟಿ ತಂದಿದ್ದರು ಪಾಪ.

ಮುನಿಯಕ್ಕ ಅದನ್ನು ನೋಡಿದಳು. ಕೈ ಚಾಚಲಿಲ್ಲ.

"ಮರದ ಕೆಳಗೆ ಬರ್ತೀನಿ ಸಾಮಿ. ಅಮ್ಮಾವ್ರು ಅಲ್ಲವ್ರೆ, ಬರ್ದೆ ಎಲ್ಲಿಗೋಗ್ಲಿ. ಇಲ್ಲಿ ನೆರಳೂ ಇಲ್ಲ" ಅಂದಳು. "ಮೂಟೆ ಗಾಡೀಲೇ ಬರುತ್ತೆ, ಗಾಡೀಲೇ ಹೋಗುತ್ತೆ. ಗೇಟಿನೊಳಗೆ ಇಡಲ್ಲ. ಆ ಬೀಗದ ಕೈ ಮಾತ್ರ ಬೇಡ."

"ಯಾಕೆ? ನಾನು ತಪ್ಪು ಒಪ್ಕೊಂಡೆನಲ್ಲ."

"ಒಪ್ಕೊಂಡ್ರಿ, ದೊಡ್ಡೋರು ನೀವು." ಮುನಿಯಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡಕ್ಕೆ ಬೀಸಿದಳು, ಕಿಡಿ ಎದ್ದು ಆರಿತು. "ನಾಳೆ ನಿಮ್ಮನೇಲಿ ಹಾಲಿನ ಪಾತ್ರೆ ತಳ ಹಿಡಿದ್ರೂ ನೀವು ಮೊದಲು ಬಂದು ನನ್ ಕೈ ಮುಟ್ಟಿ ನೋಡ್ತೀರ. ನಂದು ಇಸ್ತ್ರಿ ಹಿಡಿಯೋ ಕೈ ಸಾಮಿ. ಯಾವಾಗ ಮುಟ್ಟಿದ್ರೂ ಬಿಸಿಯಾಗೇ ಇರ್ತದೆ."

ಅಷ್ಟು ಹೇಳಿ ಪ್ಯಾಂಟಿನ ಇನ್ನೊಂದು ಕಾಲನ್ನು ಮಗುಚಿ ಹಾಕಿಕೊಂಡಳು. ಶಾಮಣ್ಣನವರು ಬೀಗದ ಕೈಗೆ ದಾರ ಸುತ್ತಿ ಮತ್ತೆ ಜೇಬಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.